ಮೇಕೆಗೆ ಕಾಳೋ, ನುಚ್ಚೋ, ಹಿಟ್ಟೋ?

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಗಿರಣಿಯ ಬಗ್ಗೆ. ಹಾಲಿನ ಮೇಕೆ ಸಾಕುವವರಿಗೆ ಗಿರಣಿ ಮಾತು ಯಾಕೆ ಅಂತೀರಾ? ಮೆಕ್ಕೆಜೋಳ ತಂದು ನುಣ್ಣಗೆ ಬೀಸಿಸಿ, ಬೂಸಾ, ಹಿಂಡಿ ಜೊತೆ ಕಲಸಿಟ್ಟರೆ ಸಲೀಸಾಗಿ ಅರಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೇವೆ. ನಾನೂ ನಂಬಿದ್ದೆ. ಅರಗುವುದೇನೋ ನಿಜ. ತೀರಾ ಬೇಗ ಅರಗುತ್ತದೆ, ತೊಂದರೆ ಇರುವುದೇ ಅಲ್ಲಿ.

ದೋಸೆಗೆ ನೆನೆಸಿದ ಅಕ್ಕಿಯನ್ನು ಹಾಗೇ ಬಿಟ್ಟರೆ ಒಂದು ರಾತ್ರಿಗೆ ಅಷ್ಟೇನೂ ಹುಳಿ ಬರುವುದಿಲ್ಲ. ರುಬ್ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಉಕ್ಕಿರುತ್ತದೆ, ಅಲ್ವಾ? ಮೇಕೆಯ ಮೆಲುಕು ಚೀಲದಲ್ಲಿ ಆಗುವುದೂ ಇದೇ. ಅಲ್ಲಿ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ; ಅದು ಇಳಿದಷ್ಟೂ ಹುಳಿ ಹೆಚ್ಚು. ಹಿಟ್ಟು ಒಮ್ಮೆಲೇ ಬಿದ್ದರೆ ಅದು 6ರ ಕೆಳಗೆ ಇಳಿಯುತ್ತದೆ, ನಾರು ಅರಗಿಸುವ ಬ್ಯಾಕ್ಟೀರಿಯಾ ಸೊರಗುತ್ತವೆ, ಹಾಲಿನ ಕೊಬ್ಬು ಬೀಳಲು ಅದೂ ಒಂದು ಕಾರಣ, ಯಾಕಂದರೆ ಆ ಕೊಬ್ಬಿಗೆ ಬೇಕಾದ ಅಸಿಟಿಕ್ ಆಮ್ಲ ಬಹುಪಾಲು ಹುಟ್ಟುವುದು ನಾರಿನಿಂದ. 5.5ಕ್ಕಿಂತ ಕೆಳಗೆ ಹೋದರೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಮೇಕೆ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಭೇದಿಯಾಗುತ್ತದೆ. ಬದುಕಿ ಉಳಿದರೂ ಆಮೇಲೆ ಗೊರಸು ನೋವಿನಿಂದ ಕುಂಟಬಹುದು. ಅರಗದೆ ಸಣ್ಣ ಕರುಳಿಗೆ ಜಾರಿದ ಪಿಷ್ಟ ಕರುಳುಬೇನೆಯ ರೋಗಾಣುವಿಗೆ ಹಬ್ಬದೂಟ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುತ್ತೇವಲ್ಲ, ಅದೇ ಕಾಯಿಲೆ.

ಇದಕ್ಕೆಲ್ಲ ಮದ್ದು ಮೇಕೆಯ ಬಾಯಲ್ಲೇ ಇದೆ. ಜಗಿದಷ್ಟೂ ಜೊಲ್ಲು ಸುರಿಯುತ್ತದೆ, ಅದರಲ್ಲಿ ಅಡುಗೆ ಸೋಡಾದ ಅಂಶವೇ ಇದ್ದು ಹುಳಿಯನ್ನು ತಣಿಸುತ್ತದೆ. ಹಿಟ್ಟನ್ನು ಜಗಿಯುವುದೇನು ಬಂತು? ಹಸು ಇಡೀ ಮೆಕ್ಕೆಜೋಳ ತಿಂದರೆ ಎಷ್ಟೋ ಕಾಳು ಸಗಣಿಯಲ್ಲಿ ಹಾಗೇ ಬರುತ್ತದೆ, ಮೇಕೆ ಹಾಗಲ್ಲ, ಚೆನ್ನಾಗಿ ಅಗಿಯುತ್ತದೆ. ಹಲ್ಲು ಗಟ್ಟಿಯಿರುವ ಮೇಕೆಗೆ ಇಡೀ ಮೆಕ್ಕೆಜೋಳವನ್ನೇ ಕೊಡಬಹುದು. ಗಿರಣಿ ದುಡ್ಡೂ ಉಳಿಯಿತು! ಹಲ್ಲು ಉದುರಿದ ಮುದಿ ಮೇಕೆಗೆ ಮಾತ್ರ ದಪ್ಪ ನುಚ್ಚು ಮಾಡಿಸಿ. ರಾಗಿ, ಬಿಳಿಜೋಳದ ಮಾತು ಬೇರೆ. ಅವು ಸಣ್ಣ ಕಾಳು, ಸಿಪ್ಪೆ ಗಟ್ಟಿ, ಹಲ್ಲಿಗೆ ಸಿಗದೆ ಜಾರುತ್ತವೆ. ಅವನ್ನು ತರಿ ಮಾಡಿಸಿ, ಹಿಟ್ಟು ಬೇಡ. ಗೋಧಿಯ ಪಿಷ್ಟ ಮೆಕ್ಕೆಜೋಳದ್ದಕ್ಕಿಂತ ಬೇಗ ಹುಳಿಯುತ್ತದೆ, ಅದಕ್ಕೆ ಕೈ ಬಿಗಿ ಹಿಡಿಯಿರಿ. ಅನ್ನ ಇನ್ನೂ ಅಪಾಯ. ಬೇಯಿಸಿದ ಪಿಷ್ಟ ಹಸಿ ಪಿಷ್ಟಕ್ಕಿಂತ ಬೇಗ ಕರಗುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನ ಪಾಪ ಅಂತ ಮೇಕೆಗೆ ಸುರಿದು, ಮರುದಿನ ಡಾಕ್ಟರ ಮನೆ ಬಾಗಿಲು ತಟ್ಟಿದವರು ಈ ಸಭೆಯಲ್ಲೇ ಇದ್ದೀರಿ, ಹೆಸರು ಹೇಳಲ್ಲ ಬಿಡಿ.

ಮೊದಲು ಮೇವು, ಆಮೇಲೆ ಕಾಳು, ಅದೂ ದಿನಕ್ಕೆ ಎರಡು ಮೂರು ಸಲ ಹಂಚಿ. ಹೊಸ ಧಾನ್ಯ ಶುರು ಮಾಡಿದರೆ ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಏರಿಸಿ, ಹೊಟ್ಟೆಯ ಜೀವಿಗಳು ಒಗ್ಗಿಕೊಳ್ಳಬೇಕು. ಮೇಕೆ ಕಣಕ್ಕೆ ನುಗ್ಗಿ ರಾಗಿ ಮುಕ್ಕಿದೆಯಾ? ಲಕ್ಷಣ ಕಾಣುವವರೆಗೆ ಕಾಯಬೇಡಿ, ತಕ್ಷಣ ಪಶುವೈದ್ಯರನ್ನು ಕರೆಸಿ. ಮಲಗಿದ ಮೇಕೆಗೆ ಬಾಯಿ ಬಿಡಿಸಿ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.

ಬೆಳಿಗ್ಗೆ ಹಿಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗುಂಡಗೆ ಬಿಡಿಬಿಡಿಯಾಗಿದ್ದರೆ ಸರಿ. ಅಂಟಂಟಾಗಿ ಮುದ್ದೆ ಕಟ್ಟಿದ್ದರೆ ಕಾಳು ಜಾಸ್ತಿಯಾಗಿರಬಹುದು, ಇಡೀ ಕಾಳು ಕಂಡರೆ ನುಚ್ಚು ಮಾಡಿಸಬೇಕು. ನುಚ್ಚು ಮಾಡಿಸುವವರು ಒಂದು ವಾರಕ್ಕೆ ಆಗುವಷ್ಟೇ ಮಾಡಿಸಿ. ಸಿಪ್ಪೆ ಒಡೆದ ಕಾಳಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಅದರ ವಿಷ ಹಾಲಿಗೂ ಇಳಿಯುತ್ತದೆ.