ಕಾಯಿ ಬಿಡದ ಪಪ್ಪಾಯಿ ಗಿಡಾ ಮತ್ತ ಅದರ ವೈ ಕ್ರೋಮೋಸೋಮು

ಎಲ್ಲಾರಿಗೂ ನಮಸ್ಕಾರ್ರಿ. ಹಿಂದ ಕುಂತವರಿಗೆ ಕೇಳಸ್ತೈತಲ್ಲ? ಸರಿ.

ನಮ್ಮ ಧಾರವಾಡದ ಮನಿ ಹಿತ್ತಲದಾಗ ಒಂದ್ ಪಪ್ಪಾಯಿ ಗಿಡಾ ಇತ್ರಿ, ತಾನ ಹುಟ್ಟಿದ್ದು, ಮಾಳಗಿ ಮಟ ಬೆಳದ್ರೂ ಒಂದ್ ಕಾಯಿ ಇಲ್ಲ, ಉದ್ದುದ್ದ ದಂಟಿನ್ಯಾಗ ಬಿಳಿ ಸಣ್ಣ ಹೂವು ಗೊಂಚಲಾ ಗೊಂಚಲಾ ಜೋತ್ ಬೀಳ್ತಿದ್ವು, ಮುಂಜಾನೆ ಎದ್ರ ನೆಲದ್ ತುಂಬ ಉದುರಿರ್ತಿದ್ವು ಅಷ್ಟ. ನಮ್ಮವ್ವ ಅದಕ್ಕೊಂದ್ ಕಬ್ಬಿಣದ ಮೊಳಿ ಹೊಡಸಿದ್ಲು, ಗಂಡ್ ಗಿಡಕ್ಕ ಹಂಗ್ ಮಾಡಿದ್ರ ಕಾಯಿ ಬಿಡ್ತೈತಿ ಅಂತ. ಮುಂದಿನ ವರ್ಷ ಬಿಟ್ಟ ಬಿಡ್ತು, ನಾಕ್ ಕಾಯಿ! ಮೊಳಿ ವಿಷಯಕ್ಕ ಆಮ್ಯಾಲ ಬರ್ತೀನಿ.

ಹೂ ಬಿಡೋ ಗಿಡದಾಗ ಬಹಳಷ್ಟು ಒಂದ ಹೂವಿನ್ಯಾಗ ಗಂಡು ಹೆಣ್ಣು ಎರಡೂ ಇಟ್ಕೊಂಡಿರ್ತಾವ. ಗಂಡ್ ಗಿಡಾ ಬ್ಯಾರೆ ಹೆಣ್ ಗಿಡಾ ಬ್ಯಾರೆ ಇರೋದು ನೂರು ಜಾತಿಯೊಳಗ 5-6 ಅಷ್ಟ. ನಮ್ಮ ತೊಂಡಿಕಾಯಿ ಅಂಥಾದ್ದು. ಹೆಣ್ ಬಳ್ಳಿ ಹೂವಿನ ಬುಡಕ್ಕ ನೋಡ್ರಿ, ಪುಟಾಣಿ ತೊಂಡಿಕಾಯಿ ಮೊದಲ ಕುಂತಿರ್ತೈತಿ, ಗಂಡಿನ ಹೂವಿಗೆ ಬರೇ ದಂಟು. ಜೀನ್ ಹೊತ್ತ ಡಿಎನ್‌ಎ ದಾರಕ್ಕ ಕ್ರೋಮೋಸೋಮ್ ಅಂತಾರ, ಜೋಡಿ ಜೋಡಿ ಇರ್ತಾವ; ಗಂಡೋ ಹೆಣ್ಣೋ ಅಂತ ಠರಾಸೋ ಜೋಡಿಗೆ ಎಕ್ಸ್, ವೈ ಅಂತ ಹೆಸರು. ತೊಂಡಿ ಗಂಡ್ ಬಳ್ಳಿಯ ವೈ ಕ್ರೋಮೋಸೋಮ್ ಎಷ್ಟ್ ದೊಡ್ಡದಂದ್ರ ಸಾದಾ ಮೈಕ್ರೋಸ್ಕೋಪಿನ್ಯಾಗ ಎದ್ದ್ ಕಾಣ್ತೈತಿ, ಅದನ್ನ 1940ರಾಗ ನಮ್ಮ ದೇಶದವ್ರ ಗುರುತಿಸಿ ಬರದ್ರು.

ಪಪ್ಪಾಯಿದು ಹಂಗಲ್ಲ, ಅದರ ಎಕ್ಸ್ ವೈ ಎರಡೂ ಕಣ್ಣಿಗೆ ಒಂದ ಥರಾ. ಎಕ್ಸ್ ಎಕ್ಸ್ ಇದ್ರ ಹೆಣ್ಣು, ದುಂಡನ ಕಾಯಿ. ಎಕ್ಸ್ ವೈ ಗಂಡು. ಈ ವೈಗೆ ಒಬ್ಬ ತಮ್ಮ ಅದಾನ, ಅವ ಎಕ್ಸ್ ಜೋಡಿ ಬಂದ್ರ ಒಂದ ಹೂವಿನ್ಯಾಗ ಎರಡೂ, ಬಜಾರದಾಗ ನಡಿಯೋ ಉದ್ದನ ಕಾಯಿ ಅದರದ್ದ. ಆ ಉದ್ದ ಕಾಯಿ ಗಿಡಾ ತನ್ನ ಪರಾಗದಿಂದ ತಾನ ಬೀಜ ಕಟ್ಟಿದ್ರ ಉದ್ದ ಕಾಯಿದು ಎರಡ್ ಪಾಲು, ದುಂಡ ಕಾಯಿದು ಒಂದ್ ಪಾಲು ಹುಟ್ತಾವ. ನಾಕನೇ ಪಾಲು ಎಲ್ಲಿ ಹೋತು? ತಮ್ಮ ವೈ ಎರಡೆರಡು ಕೂಡಿದ ಬೀಜ ಅದು, ಭ್ರೂಣದಾಗ ಸಾಯ್ತೈತಿ, ಯಾಕಂದ್ರ ಬದುಕಾಕ ಬೇಕಾದ್ದು ಎಕ್ಸ್‌ನ್ಯಾಗ ಐತಿ, ವೈನ್ಯಾಗ ಕೆಟ್ಟೈತಿ.

ಯಾಕ ಕೆಟ್ತು ಅನ್ನೋದ ಮಜಾ. ಬ್ರಯಾನ್ ಮತ್ತ ಡೆಬೋರಾ ಚಾರ್ಲ್ಸ್‌ವರ್ತ್ ಅನ್ನೋ ಜೀವವಿಜ್ಞಾನಿಗಳು 1978ರಾಗ ಹಿಂಗ್ ಹೇಳಿದ್ರು: ಮೊದಲ ಒಂದ್ ಜೀನ್ ಕೆಟ್ಟು ಪರಾಗ ನಿಂತ್ತು, ಹೆಣ್ ಗಿಡಾ ಹುಟ್ತು. ಆಮ್ಯಾಲ ಅದರ ಬಾಜೂಕ, ಜೋಡಿ ಕ್ರೋಮೋಸೋಮಿನ ಮ್ಯಾಲ, ಕಾಯಿ ಕಟ್ಟೋದನ್ನ ತಡಿಯೋ ಇನ್ನೊಂದು ಬದಲಾವಣಿ ಬಂತು, ಗಂಡ್ ಗಿಡಾ ಆತು. ಜೋಡಿ ಕ್ರೋಮೋಸೋಮು ತಮ್ಮ ತುಂಡು ಕೊಡುಕೊಳ್ಳೋ ಮುಂದ ಇವೆರಡೂ ಅದಲು ಬದಲು ಆದ್ರ ಅತ್ಲಾಗ ಪರಾಗಾನೂ ಇಲ್ಲ ಇತ್ಲಾಗ ಕಾಯಿನೂ ಇಲ್ಲದ ಗಿಡಾ ಹುಟ್ಟಬಹುದು, ಅದಕ್ಕ ಅಲ್ಲಿ ಕೊಡುಕೊಳ್ಳೋದು ನಿಲ್ಲೋದ ಛಲೋ. ಪಪ್ಪಾಯಿಯಾಗ ಎರಡ್ ದೊಡ್ಡ ತುಂಡು ತಿರುವುಮುರುವು ಆಗ್ಯಾವ, ಅಂಗಿ ಗುಂಡಿ ತಪ್ಪಿ ಹಾಕಿದಂಗ, ಜೋಡಿ ಕೂಡಾಂಗಿಲ್ಲ. ಕೂಡಲಿಲ್ಲಂದ್ರ ತಪ್ಪು ತಿದ್ದೋರಿಲ್ಲ, ಅಟ್ಟದ ಮ್ಯಾಲ ಸಾಮಾನು ಕೂಡಿದಂಗ ಜಾಗಾ ಬದಲಸ್ಕೋತ ಹೋಗೋ ‘ಜಿಗಿಯೋ ಡಿಎನ್‌ಎ’ ತುಂಬತೈತಿ: 2012ರಾಗ ಓದಿ ನೋಡಿದಾಗ ಎಕ್ಸ್‌ನ ಆ ಭಾಗ 35 ಲಕ್ಷ ಡಿಎನ್‌ಎ ಅಕ್ಷರ, ತಮ್ಮ ವೈದು 81 ಲಕ್ಷ.

ಎಲ್ಲಾ ಗಿಡಕ್ಕೂ ಎರಡ ಜೀನ್ ಬೇಕಂತೇನಿಲ್ಲ ಮತ್ತ. ಆಸ್ಪರಾಗಸ್ ಅನ್ನೋ ತರಕಾರಿ ಗಿಡದಾಗ ಎರಡ್ ಸಿಕ್ಕಾವ, ಪರ್ಸಿಮನ್ ಹಣ್ಣಿನ ಗಿಡಾ ಒಂದರಾಗ ಕೆಲಸಾ ಮುಗಸ್ತೈತಿ. ಒಂದೊಂದು ಮನೆತನದಾಗ ಇದು ಹೊಸದಾಗಿ ಹುಟ್ಟಿದ್ದು, ನಮ್ಮ ಮನುಷ್ಯರ ವೈಗೆ 15 ಕೋಟಿ ವರ್ಷಕ್ಕಿಂತ ಜಾಸ್ತಿ, ಪಪ್ಪಾಯಿದಕ್ಕ ಸುಮಾರು 70 ಲಕ್ಷ, ಅಂದ್ರ ಇನ್ನೂ ಕೂಸು.

ಇನ್ನ ಮೊಳಿ. ಗಂಡ್ ಪಪ್ಪಾಯಿ ಹವಾ ಬದಲಾದಾಗ ತಾನ ಒಂದೆರಡು ಎರಡೂ ಇರೋ ಹೂ ಬಿಟ್ಟು ಕಾಯಿ ಕಟ್ಟತೈತ್ರಿ, ಉದ್ದ ದಂಟಿನ ತುದಿಗೆ ಜೋತಾಡೋ ಸಣ್ಣ ಕಾಯಿ, ನಮ್ಮನ್ಯಾಗ ಬಿಟ್ಟಂಥಾದ್ದ. ಇದನ್ನ ಅವ್ವಗ ಹೇಳಿದೆ. "ಹಂಗಾರ ಹ್ವಾದ ವರ್ಷ ಹವಾ ಎಲ್ಲಿ ಹೋಗಿತ್ತಪಾ?" ಅಂದ್ಲು.