ಪುದುಚೇರಿಯ ತೊಟ್ಟಿ ಮನೆಯಲ್ಲಿ ವಾಸ್ತವ್ಯ

ಕೇಳುಗರಿಗೆ ನಮಸ್ಕಾರ.

ಪುದುಚೇರಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕೋಣೆ ಹುಡುಕುವುದು ಕಡಲ ಪಕ್ಕದ ಫ್ರೆಂಚ್ ಬೀದಿಗಳಲ್ಲಿ. ಹಳದಿ ಗೋಡೆ, ಅದರ ಮೇಲೆ ಬಾಗಿದ ಬೋಗನ್‌ವಿಲ್ಲಾ, ಫೋಟೊಗೆ ಹೇಳಿ ಮಾಡಿಸಿದಂತಿರುತ್ತವೆ ನಿಜ. ಆದರೆ ಊರನ್ನು ಇಬ್ಭಾಗ ಮಾಡುವ ಕಾಲುವೆಯನ್ನು ದಾಟಿ ಪಶ್ಚಿಮಕ್ಕೆ ಬಂದರೆ, ತಮಿಳು ವರ್ತಕರ ಹಳೆಯ ಮನೆಗಳಲ್ಲಿ ಕೆಲವು ಬೆರಳೆಣಿಕೆಯ ಕೋಣೆಗಳ ಸೊಗಸಾದ ಹೋಟೆಲುಗಳಾಗಿವೆ. ತಂಗುವುದಾದರೆ ಅಲ್ಲೇ ತಂಗಬೇಕೆಂಬುದು ನನ್ನ ಅಭಿಪ್ರಾಯ.

1761ರಲ್ಲಿ ಬ್ರಿಟಿಷರು ಪುದುಚೇರಿಯನ್ನು ನೆಲಸಮ ಮಾಡಿದ್ದರು. ಆದ್ದರಿಂದ ನಾವೀಗ ಕಾಣುವುದೆಲ್ಲ ಆಮೇಲೆ ಎದ್ದ ಊರು. ತಮಿಳು ಬೀದಿಯ ಮಹಡಿ ಮನೆಗಳಲ್ಲಿ ಈ ಮರುಹುಟ್ಟಿನ ಗುರುತು ಮುಂಭಾಗದಲ್ಲೇ ಕಾಣುತ್ತದೆ: ಕೆಳಗೆ ಮರದ ಕಂಬಗಳ ಮೇಲೆ ಇಳಿಮಾಡು ಹೊತ್ತ ಜಗಲಿ, ಮೇಲೆ ಫ್ರೆಂಚರಿಂದ ಬಂದ ಕಮಾನು ಕಿಟಕಿಗಳು ಮತ್ತು ಗಾರೆಯ ಅಲಂಕಾರ. ಒಳಗೆ ಕಾಲಿಟ್ಟರೆ ನಮಗೆ ಪರಿಚಿತವಾದ ತೊಟ್ಟಿ, ಅದರ ಸುತ್ತ ಹಜಾರ. ಮಂಚದ ಮೇಲೆ ಮಲಗಿ ಒಮ್ಮೆ ಛಾವಣಿಯತ್ತ ನೋಡಬೇಕು. ಸಾಲಾಗಿ ಹಾಸಿದ ಮರದ ತೊಲೆಗಳ ಮೇಲೆ ತೆಳುವಾದ ಸುಟ್ಟ ಇಟ್ಟಿಗೆಗಳನ್ನು ಅಡ್ಡಡ್ಡವಾಗಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದಿರುತ್ತಾರೆ; ಮದ್ರಾಸ್ ತಾರಸಿ ಎಂದೇ ಹೆಸರಾದ ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಸುಲಭವಾಗಿ ಸಿಗುವುದಿಲ್ಲ.

ಇಂತಹ ಮನೆಯನ್ನು ಹೋಟೆಲು ಮಾಡುವವರ ಜಾಣ್ಮೆ ಪರೀಕ್ಷೆಗೆ ಒಳಗಾಗುವುದು ಹಜಾರದಲ್ಲಲ್ಲ, ಬಚ್ಚಲಿನಲ್ಲಿ. ಕೂಡುಕುಟುಂಬಕ್ಕೆ ಹಿತ್ತಿಲಿನ ಒಂದು ಬಚ್ಚಲು ಸಾಕಾಗುತ್ತಿತ್ತು; ಇಂದಿನ ಅತಿಥಿಗೆ ಕೋಣೆಗೊಂದು ಬೇಕು. ಕೊಳವೆಗಾಗಿ ಹಳೆಯ ಗೋಡೆಯನ್ನು ಕೊರೆದು ಮೇಲೆ ಸಿಮೆಂಟು ಬಳಿದರೆ ತೇವ ಹೊರಹೋಗಲಾರದೆ ಒಳಗೇ ಉಳಿಯುತ್ತದೆ, ಉಪ್ಪು ಉಬ್ಬಿ ಬಣ್ಣ ಉದುರುತ್ತದೆ. ಬಲ್ಲವರು ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಿ, ಕೊಳವೆಗಳನ್ನು ಆದಷ್ಟು ಹಿತ್ತಿಲ ಕಡೆಯಿಂದ ಹಾಯಿಸುತ್ತಾರೆ. ನೀರಿಳಿದ ಹಳೆಯ ಕಟ್ಟಡದ ಗತಿ ಏನೆಂಬುದು ಆ ಊರಿಗೆ ಚೆನ್ನಾಗಿ ಗೊತ್ತು: ಕಡಲ ದಂಡೆಯ ಮೇರಿ ಎಂಬ ಹತ್ತೊಂಬತ್ತನೆಯ ಶತಮಾನದ ಪುರಭವನ 2014ರ ನವೆಂಬರಿನ ಮಳೆಯಲ್ಲಿ ಕುಸಿದುಬಿತ್ತು, ಅದನ್ನು ಮತ್ತೆ ಕಟ್ಟಬೇಕಾಯಿತು.

ಈ ದುರಸ್ತಿಗಳೆಲ್ಲ ದುಬಾರಿ. ವೈಶ್ಯಾಳ್ ಬೀದಿಯಲ್ಲಿ ಐರೋಪ್ಯ ಒಕ್ಕೂಟದ ನೆರವಿನೊಂದಿಗೆ, ಪರಂಪರೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯು ಮನೆಗಳ ಮುಂಭಾಗವನ್ನು ಸರಿಪಡಿಸಿದ್ದುಂಟು. ಅಂತಹ ನೆರವು ಎಲ್ಲ ಬೀದಿಗಳಿಗೂ ಬರುವುದಿಲ್ಲ. ಹಲವು ವಾರಸುದಾರರ ನಡುವೆ ಹಂಚಿಹೋದ ಮನೆ ಅಪಾರ್ಟ್‌ಮೆಂಟಿನವರ ಪಾಲಾಗದಂತೆ ತಡೆಯುವುದು ಹಲವೊಮ್ಮೆ ಕೋಣೆಯ ಬಾಡಿಗೆಯೇ. ಹಾಗಾಗಿ ದರ ಹೆಚ್ಚೆಂದು ಗೊಣಗುವ ಮನಸ್ಸು ನನಗಿಲ್ಲ, ದುರಸ್ತಿ ನೆಟ್ಟಗಿದ್ದರೆ.

ಕೋಣೆ ಕಾಯ್ದಿರಿಸುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ತೊಟ್ಟಿ ತೆರೆದಿದೆಯೇ, ಗಾಜು ಹೊದಿಸಿದ್ದಾರೆಯೇ? ತೆರೆದ ತೊಟ್ಟಿಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಹಿಂಗಾರಿನಲ್ಲಿ ಮಳೆ ನೇರವಾಗಿ ಅಂಗಳಕ್ಕೇ ಸುರಿಯುತ್ತದೆ. ಗಾಜು ಮುಚ್ಚಿದ್ದರೆ ಹಗಲೆಲ್ಲ ಎಸಿ ಓಡಲೇಬೇಕು. ಕೋಣೆಗಳ ಬಾಗಿಲು ತೊಟ್ಟಿಯತ್ತಲೇ ತೆರೆಯುವುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ. ನಿದ್ದೆ ಸೂಕ್ಷ್ಮವಾದವರು ಮಹಡಿಯ ಹಿಂಬದಿಯ ಕೋಣೆಯನ್ನು ಕೇಳುವುದು ಲೇಸು.

ನಮಸ್ಕಾರ.