ಮೊದಲು ಮುಳುಗಿದ್ದು ಯಾರು?

ಸ್ಕ್ರೀನ್ ಮೇಲೆ ಈಗ ಓಡ್ತಿರೋ ಕ್ಲಿಪ್ಪಲ್ಲಿ ಏನೂ ಆಗ್ತಿಲ್ಲ ಅನ್ನಿಸ್ತಿರಬಹುದು. ಸ್ವಲ್ಪ ಹೊತ್ತು ತಡ್ಕೊಳ್ಳಿ. ಕೆಳಗಡೆ ಕಪ್ಪಗೆ ಕಾಣ್ತಿರೋದು ಎದುರು ಕಟ್ಟಡದ ತಾರಸಿ ಗೋಡೆ. ಅದರ ಮೇಲೆ, ನೀಲಿ ಹೋಗಿ ಕಪ್ಪಾಗ್ತಿರೋ ಆಕಾಶದಲ್ಲಿ ಒಂದು ದಪ್ಪ ಚುಕ್ಕಿ, ಪಕ್ಕದಲ್ಲೇ ಒಂದು ಸಣ್ಣ ಚುಕ್ಕಿ. ಮೂಲೇಲಿ ಎಳೆ ಚಂದ್ರ. ದಿನಾಂಕ 2020ರ ಡಿಸೆಂಬರ್ 17. ಮಧ್ಯೆ ಮಧ್ಯೆ ಕೇಳಿಸ್ತಿರೋ ಕೆಮ್ಮು ನಂದೇ. ಆ ವರ್ಷ ಒಂದ್ಸಲ ಕೆಮ್ಮಿದ್ರೆ ಜನ ಹೇಗೆ ತಿರುಗಿ ನೋಡ್ತಿದ್ರು ಅಂತ ನಿಮಗೂ ನೆನಪಿರುತ್ತೆ. ಅವತ್ತು ಟೆರೇಸ್ ಮೇಲೆ ನಾನೊಬ್ನೇ ಇದ್ದೆ, ಬಚಾವಾದೆ.

ದಪ್ಪಗಿರೋದು ಗುರು, ಸಣ್ಣದು ಶನಿ. ಈಗ ನೋಡಿ. ಗುರು ಗೋಡೆ ಅಂಚಿಗೆ ಬಂತು... ಹೋಯ್ತು. ಶನಿ ಇನ್ನೂ ಅಲ್ಲೇ ಇದೆ. ಹತ್ತಿರ ಹತ್ತಿರ ಎರಡು ನಿಮಿಷ ಒಂಟಿಯಾಗಿದ್ದು, ಆಮೇಲೆ ಅದೂ ಹೋಯ್ತು.

ಇಷ್ಟೇ ಕ್ಲಿಪ್ಪು. ಫೋನ್ ತುಂಬಿದೆ ಅಂತ ಮಾರನೇ ದಿನ ಇದನ್ನ ಡಿಲೀಟ್ ಮಾಡೋದ್ರಲ್ಲಿದ್ದೆ. ಅದಕ್ಕೆ ಮುಂಚೆ ಮೇಷ್ಟ್ರಿಗೆ ಕಳಿಸಿದೆ. ಮೇಷ್ಟ್ರು ಅಂದ್ರೆ ನಮ್ಮ ಐದು ಜನದ ಆಕಾಶ ನೋಡೋ ಗುಂಪಿಗೆ ಹಿರಿಯರು, ಆರಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಅವರದ್ದೇ. ಎರಡೇ ನಿಮಿಷಕ್ಕೆ ಫೋನ್ ಬಂತು. "ಅಳಿಸಬೇಡ ಕಣಯ್ಯಾ. ಟ್ರೈಪಾಡ್ ಎಲ್ಲಿಟ್ಟಿದ್ದೆ, ಅಲ್ಲೊಂದು ಗುರುತು ಹಾಕು. ದಿನಾ ಅದೇ ಜಾಗದಿಂದ ತೆಗಿ. ಇಪ್ಪತ್ತೊಂದಕ್ಕೆ ನಿಲ್ಲಿಸಬೇಡ."

ಯಾಕೆ ಅಂತ ಕೇಳಿದ್ರೆ, "ತೆಗಿ, ಆಮೇಲೆ ಗೊತ್ತಾಗುತ್ತೆ" ಅಂದ್ರು. ಮೇಷ್ಟ್ರುಗಳಿಗೆ ಇದೊಂದು ಖಾಯಿಲೆ.

ಆಗ ಎಲ್ಲರ ಬಾಯಲ್ಲೂ ಡಿಸೆಂಬರ್ 21 ಒಂದೇ. ಗುರು ಮತ್ತು ಶನಿಯ ಮಹಾಯುತಿ. ಎರಡರ ಮಧ್ಯೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟೇ ಅಂತರ ಉಳಿಯುತ್ತೆ, ಹುಣ್ಣಿಮೆ ಚಂದ್ರನ ಅಗಲದಲ್ಲಿ ಐದನೇ ಒಂದು ಪಾಲು ಅಂತ ಲೆಕ್ಕ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠ, ಅರುಂಧತಿ ನೋಡಿದೀರಲ್ಲ, ಅವುಗಳ ಮಧ್ಯೆ ಎಷ್ಟು ಜಾಗ ಇದೆಯೋ ಅದರಲ್ಲಿ ಅರ್ಧ. ಎರಡೂ ಸೇರಿ ಒಂದೇ ನಕ್ಷತ್ರ ಆಗುತ್ತೆ ಅಂತ ಕೆಲವರು, ಕ್ರಿಸ್‌ಮಸ್ ನಕ್ಷತ್ರ ಅಂತ ಕೆಲವರು. ಇದರ ಫಲ ಏನು ಅಂತ ನನ್ನನ್ನ ಕೇಳಿದವರೂ ಇದ್ದಾರೆ. ನನಗೆ ಸಿಕ್ಕ ಫಲ ಕುತ್ತಿಗೆ ನೋವು.

18ರ ಸಂಜೆ ಮೇಷ್ಟ್ರು ಟೆಲಿಸ್ಕೋಪ್ ತಂದು ನಮ್ಮ ಟೆರೇಸ್ ಮೇಲಿಟ್ರು. ಅಕ್ಕನ ಮಗಳೂ ಬಂದಿದ್ಲು, ಆಗ ಅವಳಿಗೆ ಒಂಬತ್ತು ವರ್ಷ. ಮೇಷ್ಟ್ರು ಜೇಬಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಎರಡು ವೃತ್ತ ಬರೆದ್ರು. ಈ ಭಾಗ ನಾನು ಶೂಟ್ ಮಾಡಿದ್ದೆ, ಆದ್ರೆ ಕತ್ತಲಲ್ಲಿ ಅವರ ಕೈ ಮಾತ್ರ ಕಾಣುತ್ತೆ, ಹಾಗಾಗಿ ನಾನೇ ಹೇಳ್ತೀನಿ.

ಗುರುಗೆ ಸೂರ್ಯನ ಸುತ್ತ ಒಂದು ಸುತ್ತು ಬರೋಕೆ 11.86 ವರ್ಷ. ಶನಿಗೆ 29.46. ಈಗ ಇಬ್ರೂ ಒಂದೇ ಗೆರೆ ಮೇಲಿಂದ ಹೊರಟ್ರು ಅಂದ್ಕೊಳ್ಳಿ. ಗುರು ಒಂದು ಸುತ್ತು ಮುಗಿಸಿ ಹೊರಟ ಜಾಗಕ್ಕೆ ಬರೋಷ್ಟರಲ್ಲಿ ಶನಿ ಅಲ್ಲಿರಲ್ಲ, ತನ್ನ ದಾರೀಲಿ ಐದರಲ್ಲಿ ಎರಡು ಭಾಗ ಮುಂದೆ ಹೋಗಿರುತ್ತೆ. ಅದನ್ನ ಅಟ್ಟಿಸ್ಕೊಂಡು ಹೋಗಿ ಹಿಡಿಯೋಕೆ ಇನ್ನೂ ಎಂಟು ವರ್ಷ. ಒಟ್ಟು 19.86. ಗಡಿಯಾರದ ದೊಡ್ಡ ಮುಳ್ಳು 12ರಲ್ಲಿ ಚಿಕ್ಕ ಮುಳ್ಳನ್ನ ಬಿಟ್ಟು ಹೊರಟು, ಒಂದು ಗಂಟೆ ಸುತ್ತಿ ಬಂದ್ರೂ ಅಲ್ಲಿ ಅದು ಸಿಗದೆ, ಇನ್ನೂ ಐದು ನಿಮಿಷ ಚಿಲ್ಲರೆ ಓಡಬೇಕಲ್ಲ, ಅದೇ ಕಥೆ.

ಹಾಗಾದ್ರೆ ಇಪ್ಪತ್ತು ವರ್ಷಕ್ಕೊಮ್ಮೆ ಆಗೋದ್ರಲ್ಲಿ ಏನು ವಿಶೇಷ? ಅವಳೂ ಅದನ್ನೇ ಕೇಳಿದ್ಲು. ಅದಕ್ಕೆ ಮೇಷ್ಟ್ರು ಎರಡು ರಟ್ಟು ತಗೊಂಡು ಒಂದನ್ನ ಸ್ವಲ್ಪ ಓರೆ ಮಾಡಿ ಹಿಡಿದ್ರು. ಇಬ್ಬರ ದಾರಿಗಳೂ ಭೂಮಿಯ ದಾರಿಗೆ ಸಮನಾಗಿಲ್ಲ. ಗುರುವಿನದು 1.3 ಡಿಗ್ರಿ ವಾಲಿದೆ, ಶನಿಯದು 2.5. ಅದಕ್ಕೇ ಹೆಚ್ಚಿನ ಸಲ ಒಬ್ರನ್ನೊಬ್ರು ದಾಟುವಾಗ ಮೇಲೆ ಕೆಳಗೆ ಒಂದು ಡಿಗ್ರಿಯಷ್ಟು ಜಾಗ ಬಿಟ್ಟೇ ದಾಟ್ತಾರೆ. 2000ದ ಮೇ ತಿಂಗಳಲ್ಲಿ ಆದಾಗ ಹಾಗೇ ಆಗಿತ್ತು, ಮೇಲಾಗಿ ಸೂರ್ಯನ ಪಕ್ಕದಲ್ಲೇ ಇದ್ದಿದ್ರಿಂದ ನೋಡೋದೂ ಕಷ್ಟವಾಗಿತ್ತು. 2020ರದು ಎರಡೂ ದಾರಿ ಹತ್ತಿರ ಬರೋ ಜಾಗದಲ್ಲೇ ಆಯ್ತು. ಇದಕ್ಕಿಂತ ಹತ್ತಿರ ಬಂದಿದ್ದು 1623ರ ಜುಲೈನಲ್ಲಿ. ಟೆಲಿಸ್ಕೋಪ್ ಆಗಷ್ಟೇ ಹುಟ್ಟಿತ್ತು, ಆದ್ರೆ ಅವತ್ತೂ ಗ್ರಹಗಳು ಸೂರ್ಯನ ಬೆಳಕಿಗೆ ತೀರಾ ಹತ್ತಿರ. ಕತ್ತಲಲ್ಲಿ ನಿಂತು ಆರಾಮಾಗಿ ನೋಡೋ ಹಾಗೆ ಇಷ್ಟು ಹತ್ತಿರ ಬಂದಿದ್ದು ಯಾವಾಗ ಅಂದ್ರೆ 1226ರ ಮಾರ್ಚ್ 4. ಆಗ ಟೆಲಿಸ್ಕೋಪೇ ಇರ್ಲಿಲ್ಲ.

ಸೀಮೆಸುಣ್ಣದ ವೃತ್ತದ ಮೇಲೆ ಮೇಷ್ಟ್ರು ಇನ್ನೊಂದು ಆಟ ತೋರಿಸಿದ್ರು. ಒಂದಾದ ಮೇಲೊಂದು ಯುತಿಗಳು ಆಗೋ ಜಾಗಗಳಿಗೆ ಗೆರೆ ಎಳೆದ್ರೆ ತ್ರಿಕೋನ ಬರುತ್ತೆ. ಆದ್ರೆ ಪೂರ್ತಿ ಮುಚ್ಚಿಕೊಳ್ಳಲ್ಲ, ಮೂರನೇ ಗೆರೆ ಹೊರಟ ಜಾಗಕ್ಕಿಂತ ಸ್ವಲ್ಪ ಆಚೆ ಬೀಳುತ್ತೆ. ಹಾಗೇ ಎಳೀತಾ ಹೋದ್ರೆ ತ್ರಿಕೋನ ನಿಧಾನಕ್ಕೆ ತಿರುಗುತ್ತೆ, ಒಳಗೆ ಇನ್ನೊಂದು ಪುಟ್ಟ ವೃತ್ತ ತಾನಾಗೇ ಮೂಡುತ್ತೆ. 1595ರಲ್ಲಿ ಗ್ರಾಜ್ ಊರಲ್ಲಿ ಪಾಠ ಮಾಡ್ತಾ ಇದೇ ಚಿತ್ರ ಬರೆಯುವಾಗ ಕೆಪ್ಲರ್‌ಗೆ ಗ್ರಹಗಳ ದೂರಕ್ಕೆಲ್ಲ ಒಂದು ಲೆಕ್ಕ ಸಿಕ್ತು ಅನ್ನಿಸ್ತಂತೆ. ಆ ಲೆಕ್ಕ ತಪ್ಪು. ಆದ್ರೆ ಅದರ ಬೆನ್ನು ಹತ್ತಿ ಹೋದ ಮನುಷ್ಯನೇ ಮುಂದೆ ಗ್ರಹಚಲನೆಯ ನಿಯಮಗಳನ್ನ ಕೊಟ್ಟ. ನಮ್ಮ ಟೆರೇಸ್ ಮೇಲಿನ ತ್ರಿಕೋನದಿಂದ ಬಂದಿದ್ದು ಮಾತ್ರ ಮಾರನೇ ಬೆಳಿಗ್ಗೆ ಅಮ್ಮನ ಬೈಗುಳ.

ಆ ವರ್ಷದ ಇನ್ನೊಂದು ತಾಪತ್ರಯ ಹೇಳ್ಬೇಕು. ಒಂದೇ ಐಪೀಸ್‌ಗೆ ಐದು ಜನ ಕಣ್ಣಿಡೋ ಹಾಗಿಲ್ಲ. ಅದಕ್ಕೆ ಐಪೀಸ್ ಮೇಲೆ ಫೋನ್ ಕೂರಿಸಿ ಸ್ಕ್ರೀನಲ್ಲಿ ತೋರಿಸೋ ವ್ಯವಸ್ಥೆ ಮಾಡಿದ್ದೆ. ಬಂತು ನೋಡಿ ಪೇಚಾಟ. ಶನಿ ಮೇಲೆ ಬೀಳೋ ಬಿಸಿಲು ಗುರು ಮೇಲೆ ಬೀಳೋದರ ನಾಲ್ಕನೇ ಒಂದು ಭಾಗ, ಯಾಕಂದ್ರೆ ಸೂರ್ಯನಿಂದ ಅದು ಹತ್ತಿರ ಹತ್ತಿರ ಎರಡರಷ್ಟು ದೂರ. ಗುರುಗೆ ಎಕ್ಸ್‌ಪೋಷರ್ ಸರಿ ಮಾಡಿದ್ರೆ ಶನಿ ಮಸುಕು. ಶನಿಗೆ ಸರಿ ಮಾಡಿದ್ರೆ ಗುರು ಬಲ್ಬಿನ ಥರ ಬೆಳ್ಳಗೆ, ಪಟ್ಟೆ ಗಿಟ್ಟೆ ಏನೂ ಇಲ್ಲ. ಈಗ ತೋರಿಸ್ತಿರೋ ಬಿಳೀ ಮುದ್ದೆ ಅದೇ.

ಅಕ್ಕನ ಮಗಳು ಅದನ್ನ ಎರಡು ಸೆಕೆಂಡ್ ನೋಡಿ, "ಮಾಮ, ಫೋನಲ್ಲೇ ನೋಡೋದಾದ್ರೆ ಮನೇಲೇ ಕೂತು ನೋಡ್ತಿದ್ದೆ" ಅಂದ್ಲು. ಮಾತು ಸರಿ. ಫೋನ್ ತೆಗೆದೆ. ಪ್ರತಿಯೊಬ್ಬರಾದ ಮೇಲೂ ಐಪೀಸ್ ಸುತ್ತಲಿನ ರಬ್ಬರ್ ಒರೆಸೋ ಕೆಲಸ ನನ್ನ ಪಾಲಿಗೆ ಬಂತು.

ಇನ್ನು 21. ಇಡೀ ವರ್ಷದಲ್ಲಿ ಮೋಡಕ್ಕೆ ಬೇರೆ ದಿನ ಸಿಗಲಿಲ್ಲ. ಮಧ್ಯಾಹ್ನದಿಂದ್ಲೇ ಬೂದಿ ಬಣ್ಣದ ಹೊದಿಕೆ. ಸೂರ್ಯ ಮುಳುಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ... ಈ ಫುಟೇಜಲ್ಲಿ ಮೋಡಾನೇ ಇದೆ, ಫಾಸ್ಟ್ ಫಾರ್ವರ್ಡ್ ಮಾಡ್ತೀನಿ. ಒಬ್ರು ಕೆಳಗೆ ಹೋಗಿ ಲೈವ್ ನೋಡ್ತೀನಿ ಅಂತ ಹೊರಟೇ ಬಿಟ್ರು. ಪಾಪ, ಅವರು ಮೆಟ್ಟಿಲು ಇಳಿಯೋಷ್ಟರಲ್ಲಿ ನೈಋತ್ಯದ ಕಡೆ ಮೋಡ ಹರಿದು ಒಂದು ಕಿಂಡಿ ಬಿತ್ತು.

ಬರಿಗಣ್ಣಿಗೆ ಒಂದೇ ನಕ್ಷತ್ರ ಆಗಿರ್ಲಿಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ. ಗುರುವಿನ ಹೆಗಲಿಗೆ ಅಂಟಿಕೊಂಡ ಹಾಗೆ ಶನಿ ಬೇರೆಯಾಗೇ ಕಾಣ್ತಿತ್ತು. ಕನ್ನಡಕ ಮರೆತು ಬಂದವರಿಗೆ ಮಾತ್ರ ಒಂದೇ.

ಮೇಷ್ಟ್ರು 10 ಎಂಎಂ ಐಪೀಸ್ ಹಾಕಿ 120 ಪಟ್ಟು ದೊಡ್ಡದು ಮಾಡಿದ್ರು. ನನ್ನ ಸರದಿ ಬಂತು. ಇದರ ವಿಡಿಯೋ ನನ್ನ ಹತ್ರ ಇಲ್ಲ, ಇರೋದು ನೆನಪು. ಮಾಮೂಲಿಯಾಗಿ ಇಷ್ಟು ಪವರ್‌ನಲ್ಲಿ ಗುರು ನೋಡ್ತಿದ್ರೆ ಗುರು ಒಂದೇ, ಶನಿ ನೋಡ್ಬೇಕಂದ್ರೆ ಟ್ಯೂಬನ್ನೇ ಬೇರೆ ಕಡೆ ತಿರುಗಿಸ್ಬೇಕು. ಇಲ್ಲಿ ಒಂದೇ ಕಿಟಕಿಯಲ್ಲಿ ಇಬ್ರೂ. ಒಂದು ಕಡೆ ಗುರು, ಮೈ ಮೇಲೆ ಎರಡು ಕಂದು ಪಟ್ಟೆ, ಆಚೀಚೆ ಸೂಜಿ ಮೊನೆಯಂಥ ಉಪಗ್ರಹಗಳು. ಇನ್ನೊಂದು ಕಡೆ ಶನಿ, ಒಣ ಹುಲ್ಲಿನ ಬಣ್ಣ, ಓರೆಯಾಗಿ ತೊಡಿಸಿದ ಹಾಗೆ ಉಂಗುರ. ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಶನಿಯ ಉಂಗುರದ ಈ ತುದಿಯಿಂದ ಆ ತುದಿಗೆ ಎಷ್ಟು ಅಗಲ ಇತ್ತೋ, ಗುರುವಿನ ತಟ್ಟೆಯೂ ಹೆಚ್ಚುಕಮ್ಮಿ ಅಷ್ಟೇ ಅಗಲ. ಅಳತೆ ತಗೊಂಡು ಜೋಡಿಸಿಟ್ಟ ಹಾಗೆ. ಕೆಳಗಿನ ದಟ್ಟ ಗಾಳಿಯಲ್ಲಿ ಎರಡೂ ಹರಿಯೋ ನೀರಿನ ತಳದಲ್ಲಿರೋ ನಾಣ್ಯದ ಥರ ಅದುರ್ತಿದ್ವು. ಒಂದೊಂದು ಕ್ಷಣ ಗಾಳಿ ಸುಮ್ಮನಾದಾಗ ಉಂಗುರಕ್ಕೂ ಗ್ರಹಕ್ಕೂ ಮಧ್ಯೆ ಕಪ್ಪು ಸಂದು ಕಾಣೋದು, ಮತ್ತೆ ಕಲಸಿ ಹೋಗೋದು.

"ಈಗ ನೀನು ನೋಡ್ತಿರೋ ಗುರು 49 ನಿಮಿಷ ಹಳೇದು, ಶನಿ ಒಂದೂವರೆ ಗಂಟೆ ಹಳೇದು" ಅಂತ ಮೇಷ್ಟ್ರು ಬೆನ್ನ ಹಿಂದಿಂದ ಹೇಳಿದ್ರು. ನಮ್ಮಿಂದ ಗುರು ಸುಮಾರು 89 ಕೋಟಿ ಕಿಲೋಮೀಟರ್, ಶನಿ 162 ಕೋಟಿ. ಪಕ್ಕಪಕ್ಕದಲ್ಲಿ ಕೂತವರ ಮಧ್ಯೆ 73 ಕೋಟಿ ಕಿಲೋಮೀಟರ್ ಖಾಲಿ ಜಾಗ. ಆ ಶನಿಯ ಬೆಳಕು ಹೊರಟಾಗ ಮೋಡ ಇನ್ನೂ ಮುಚ್ಚಿತ್ತು ಅಂತ ಯೋಚಿಸ್ತಾ ಇದ್ದೆ, ಅಷ್ಟರಲ್ಲಿ ಹಿಂದಿಂದ ಅಂಗಿ ಜಗ್ಗಿದ್ರು. ಸರದಿ ಮುಗೀತು.

ಅಕ್ಕನ ಮಗಳು ಸ್ಟೂಲ್ ಮೇಲೆ ನಿಂತು ನೋಡಿದ್ಲು. "ಶನಿಗೆ ಕಿವಿ ಇದೆ" ಅಂದ್ಲು. 1610ರಲ್ಲಿ ಗೆಲಿಲಿಯೋಗೂ ಉಂಗುರ ಅಂತ ಹೊಳೀಲಿಲ್ಲ, ಮಧ್ಯೆ ಒಂದು ದೊಡ್ಡದು, ಎಡಬಲಕ್ಕೆ ಎರಡು ಚಿಕ್ಕವು, ಶನಿ ಅಂದ್ರೆ ಮೂರು ಗೋಳ ಅಂದ್ಕೊಂಡಿದ್ದ. ಅವಳು ನೋಟ್‌ಬುಕ್ಕಲ್ಲಿ ಚುಕ್ಕಿ ಹಾಕಿಕೊಂಡ್ಲು. ಗುರುವಿನ ಉಪಗ್ರಹಗಳ ಜೊತೆ ಹಾಕಿದ ಒಂದು ಚುಕ್ಕಿ ಉಪಗ್ರಹವೇ ಅಲ್ಲ, ಎಷ್ಟೋ ದೂರದ ನಕ್ಷತ್ರ ಅವತ್ತು ಗುರುವಿನ ಪಕ್ಕಕ್ಕೆ ಬಿದ್ದಿತ್ತು ಅಂತ ಮೇಷ್ಟ್ರು ಆಮೇಲೆ ನಕ್ಷೆ ನೋಡಿ ಹೇಳಿದ್ರು. ಅವಳು ಅದನ್ನ ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ "ಅತಿಥಿ" ಅಂತ ಬರೆದಳು.

ಒಟ್ಟು ನಾಲ್ಕು ನಿಮಿಷ. ಕಿಂಡಿ ಮುಚ್ಚಿತು. ಗೋಡೆ ಅಂಚಿಗೆ ಬರೋದನ್ನ ಅವತ್ತು ತೆಗೆಯೋಕೆ ಆಗ್ಲೇ ಇಲ್ಲ.

22ಕ್ಕೆ ಆಕಾಶ ತೊಳೆದಿಟ್ಟ ಹಾಗಿತ್ತು, ಆದ್ರೆ ಟೆರೇಸ್ ಮೇಲೆ ಮೂರೇ ಜನ. ಮುಗೀತಲ್ಲ, ಇನ್ನೇನು ಅಂತ ಉಳಿದವರು. ಮುಗಿದಿದ್ದೇನು? ಅಂತರ ಹಿಂದಿನ ದಿನಕ್ಕಿಂತ ಒಂದು ಕೂದಲೆಳೆ ಜಾಸ್ತಿ, ಅಷ್ಟೇ. ಅದೇ ಐಪೀಸಲ್ಲಿ ಅದೇ ಇಬ್ರು, ಮನಸ್ಸು ತುಂಬೋವಷ್ಟು ಹೊತ್ತು. ದಿನಾಂಕ ನೋಡಿ ಬರೋರು ಅವತ್ತಿನ ಆಕಾಶ ಕಳ್ಕೊಂಡ್ರು. ನನಗಿದು ಇವತ್ತಿಗೂ ಹೊಟ್ಟೆ ಉರಿಸುತ್ತೆ, ಯಾಕಂದ್ರೆ ಮೇಷ್ಟ್ರು ಹೇಳದೇ ಇದ್ದಿದ್ರೆ ನಾನೂ ಬರ್ತಿರ್ಲಿಲ್ಲ. ಅವತ್ತು ಗೋಡೆ ಅಂಚಲ್ಲಿ ಇಬ್ರೂ ಹೆಚ್ಚುಕಮ್ಮಿ ಒಟ್ಟಿಗೇ ಇಳಿದ್ರು. ಮೊದಲು ಹೋಗಿದ್ದು ಯಾರು ಅಂದ್ರೆ ಮೂರು ಜನದ್ದು ಮೂರು ಉತ್ತರ.

ಇದು ಕೊನೇ ಕ್ಲಿಪ್. 25ನೇ ತಾರೀಖು, ಅದೇ ಗುರುತು, ಅದೇ ಟ್ರೈಪಾಡ್. ಪಕ್ಕದಲ್ಲಿ ಕಾಲು ಕಾಣ್ತಿದೆಯಲ್ಲ, ಅದು ಅಕ್ಕನ ಮಗಳದ್ದು, ಕೈಯಲ್ಲಿ ಸ್ಟಾಪ್‌ವಾಚ್ ಇದೆ. ಚುಕ್ಕಿಗಳ ಮಧ್ಯೆ 17ರಷ್ಟೇ ಅಂತರ. ಚಂದ್ರ ಇಲ್ಲಿಲ್ಲ, ತುಂಬಾ ಮೇಲೆ ಹೋಗಿದೆ. ನಾನು ಮಾತು ನಿಲ್ಲಿಸ್ತೀನಿ, ಅವಳ ದನಿ ಕೇಳಿ.

"ಮಾಮ, ಶನಿ... ಶನಿ ಹೋಯ್ತು! ಗುರು ಇನ್ನೂ ಇದೆ. ಇನ್ನೂ ಇದೆ. ಇನ್ನೂ..."